ಅಳಿಸಿದ ಟ್ಯಾಂಕರ್

ದಸರಾ ಕಳೆದು ದೀಪಾವಳಿ ಬರುವವರೆಗಿನ ಮೂರು ವಾರಕ್ಕಾಗಿ ನಾನು ವರ್ಷವಿಡೀ ಕಾಯುತ್ತೇನೆ. ಮಳೆ ಗಾಳಿಯನ್ನು ತೊಳೆದಿರುತ್ತದೆ. ತುಮಕೂರು ರಸ್ತೆಯಿಂದ ಒಳಕ್ಕೆ ತಿರುಗಿ ನಾಲ್ಕು ಕಿಲೋಮೀಟರ್ ಹೋದರೆ ಒಂದು ಕೆರೆ. ಬೆಳಿಗ್ಗೆ ಆರೂವರೆಗೆ ಅದರ ಏರಿಯ ಮೇಲೆ ನಿಂತರೆ ಬೆನ್ನ ಹಿಂದಿನಿಂದ ಬಿಸಿಲು ಬಂದು ಎದುರಿನ ಕಲ್ಲುಬೆಟ್ಟದ ನೆತ್ತಿಗೆ ಮೊದಲು ತಾಗುತ್ತದೆ, ಆಮೇಲೆ ನಿಧಾನವಾಗಿ ಕೆಳಗಿಳಿಯುತ್ತದೆ. ಅದು ಬುಡ ಮುಟ್ಟುವ ಹೊತ್ತಿಗೆ ನೀರಿನೊಳಗಿನ ಬೆಟ್ಟವೂ ಪೂರ್ತಿ ಹೊಂಬಣ್ಣಕ್ಕೆ ತಿರುಗಿರುತ್ತದೆ. ಗಾಳಿ ಎದ್ದು ನೀರು ಕಲಕುವ ಮುಂಚೆ ಹತ್ತು ಹನ್ನೆರಡು ನಿಮಿಷ ಸಿಗುತ್ತದೆ, ಅಷ್ಟೇ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ತಯಾರಾದ ಬಿಡಿಭಾಗಗಳನ್ನು ಅಳೆದು, ಸರಿಯಿಲ್ಲದ್ದಕ್ಕೆ ಕೆಂಪು ಬಣ್ಣ ಬಳಿದು, ಅದೇ ಶಿಫ್ಟಿನಲ್ಲಿ ಸ್ಕ್ರ್ಯಾಪಿಗೆ ಕಳಿಸುವುದು ನನ್ನ ಕೆಲಸ. ಕೆಟ್ಟ ಪೀಸು ಒಳ್ಳೆಯದರ ಪಕ್ಕದಲ್ಲಿ ಉಳಿಯಬಾರದು. ಉಳಿದರೆ ಯಾರಾದರೂ ಎರಡನ್ನೂ ಬೆರೆಸಿಬಿಡುತ್ತಾರೆ. ಹತ್ತೊಂಬತ್ತು ವರ್ಷ ಹೀಗೆ ಮಾಡಿದವನಿಗೆ ಫೋಟೋದಲ್ಲೂ ಅದೇ ಅಭ್ಯಾಸ ಅಂಟಿಕೊಂಡಿದೆ. ತೆಗೆದವುಗಳಲ್ಲಿ ಒಂದನ್ನು ಆರಿಸುತ್ತೇನೆ. ಅದರಲ್ಲಿನ ಕಸ ಅಳಿಸಿ, ಅದರ ಮೇಲೆಯೇ ಸೇವ್ ಮಾಡುತ್ತೇನೆ. ಮಿಕ್ಕದ್ದನ್ನೆಲ್ಲ ತೆಗೆದುಹಾಕಿ ಕ್ಯಾಮೆರಾದ ಕಾರ್ಡನ್ನು ಖಾಲಿ ಮಾಡುತ್ತೇನೆ. ಕಸ ಎಂದರೆ ವಿದ್ಯುತ್ ತಂತಿ, ಜೊಂಡಿಗೆ ಸಿಕ್ಕಿದ ಪ್ಲಾಸ್ಟಿಕ್ ಚೀಲ, ಇಂಥವು.

ಆ ಗುರುವಾರದ ಕಸ ಒಂದು ಟ್ಯಾಂಕರ್ ಲಾರಿ.

ಅದು ಬಲಗಡೆ ದೂರದಲ್ಲಿ, ಕಾಲುವೆ ಬಂದು ಕೆರೆಗೆ ಸೇರುವ ಜಾಗದಲ್ಲಿ ನಿಂತಿತ್ತು. ಮುಂಭಾಗ ಹಸಿರು. ಹಿಂದಿನಿಂದ ದಪ್ಪ ಪೈಪೊಂದು ಇಳಿಬಿದ್ದಿತ್ತು. ಅದರ ತುದಿ ನೀರಿನಲ್ಲಿತ್ತೋ ದಡದ ಮೇಲಿತ್ತೋ ನನಗೆ ಗೊತ್ತಿಲ್ಲ. ನಾನು ನೋಡುತ್ತಿದ್ದದ್ದು ಬೆಟ್ಟವನ್ನು. ಮನೆಗೆ ಬಂದು, ಸೆಕೆಂಡ್ ಶಿಫ್ಟಿಗೆ ಹೊರಡುವ ಮುಂಚೆ ಲಾರಿಯನ್ನು ಅಳಿಸಿ ಅಲ್ಲಿಗೆ ಪಕ್ಕದ ಜೊಂಡನ್ನು ತುಂಬಿದೆ. ಆರೇಳು ನಿಮಿಷ ಹಿಡಿದಿರಬೇಕು. ಕಾರ್ಖಾನೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಲೇತ್ ನಡೆಸುವ ಗೆಳೆಯ ತಕ್ಷಣ ಫೋನ್ ಮಾಡಿದ.

"ಮಗಾ, ಇದು ನಮ್ ಕೆರೆನಾ? ಸುಳ್ಳು ಹೇಳ್ಬೇಡ ಗುರು."

"ನಮ್ದೇ ಕಣೋ."

"ಹಂಗಾದ್ರೆ ನಮ್ ಲೇಔಟ್ ಗುಂಪಿಗೂ ಹಾಕ್ತೀನಿ. ಕೆರೆ ಪಕ್ಕ ಮೂಗು ಮುಚ್ಕೊಂಡು ಓಡಾಡೋರು ಒಂಚೂರು ನೋಡ್ಲಿ."

ಶನಿವಾರ ಬೆಳಿಗ್ಗೆ ಕೆರೆಯ ಮೀನುಗಳು ಸತ್ತು ತೇಲಿದವು. ನಾನು ಹೋಗುವಷ್ಟರಲ್ಲಿ ದಡದುದ್ದಕ್ಕೂ ಬಿಳಿ ಹೊಟ್ಟೆಗಳು. ಬಿಸಿಲು ಅವುಗಳ ಮೇಲೂ ಚೆನ್ನಾಗಿಯೇ ಬಿದ್ದಿತ್ತು. ಕ್ಯಾಮೆರಾ ಚೀಲದಿಂದ ಹೊರಗೆ ತೆಗೆಯಲಿಲ್ಲ.

ಆ ಕೆರೆಯಲ್ಲಿ ಮೀನು ಸಾಕುವ ಗುತ್ತಿಗೆ ಹಿಡಿದವರು ಪಕ್ಕದ ಹಳ್ಳಿಯವರು, ಐವತ್ತು ದಾಟಿದವರು. ಥರ್ಮಾಕೋಲ್ ಹಲಗೆಗಳನ್ನು ಗೋಣಿಯಲ್ಲಿ ಸುತ್ತಿ ಕಟ್ಟಿದ ತೆಪ್ಪದ ಮೇಲೆ ಕೂತು ಬಲೆ ಬಿಡುತ್ತಿದ್ದರು. ಭಾನುವಾರ ಅವರ ಹೆಂಡತಿ ಏರಿಯ ಮೇಲೆ ಮೀನು ಮಾರುತ್ತಿದ್ದರು. ನನ್ನನ್ನು ಕಂಡಾಗಲೆಲ್ಲ ಗಂಡನದು ಒಂದೇ ತಮಾಷೆ: "ಏನ್ ಪೋಟೋ ಸಾರ್, ನೆನ್ನೆ ಇದ್ದ ಬೆಟ್ಟ ಇವತ್ತೂ ಐತಾ?" ಆ ಶನಿವಾರ ಅವರು ಮೊಣಕಾಲು ನೀರಿನಲ್ಲಿ ನಿಂತು ಸತ್ತ ಮೀನನ್ನು ಬುಟ್ಟಿಗೆ ತುಂಬುತ್ತಿದ್ದರು. ನನ್ನ ಕಡೆ ನೋಡಲಿಲ್ಲ.

ಕೆರೆ ಪಕ್ಕದ ಆ ಲೇಔಟಿನವರು ತಪ್ಪು ಅವರದೇ ಎಂದರು. ಮೇವಿಗೆಂದು ಕೋಳಿ ಅಂಗಡಿಯ ತ್ಯಾಜ್ಯ ತಂದು ಸುರಿಯುತ್ತಾರೆ, ಅದು ಕೊಳೆತು ನೀರು ಕೆಟ್ಟಿದೆ ಎಂದು ಪಂಚಾಯಿತಿಗೆ ದೂರು ಕೊಟ್ಟರು. ಗುತ್ತಿಗೆ ರದ್ದು ಮಾಡಬೇಕೋ ಬೇಡವೋ ಎಂದು ಪಂಚಾಯಿತಿಯವರು ಸೋಮವಾರ ಸಭೆ ಕರೆದರು. ಭಾನುವಾರ ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ವಿಳಾಸ ಹುಡುಕಿಕೊಂಡು ದಾಸರಹಳ್ಳಿಯ ನಮ್ಮ ಮನೆಗೆ ಬಂದರು.

"ಗುರುವಾರ ಟ್ಯಾಂಕರ್ ಬಂದು ಕಾಲುವೆಗೆ ಬಿಟ್ಟೋಯ್ತು ಸಾರ್," ಎಂದರು ಗಂಡ. "ನಾನ್ ಕೂಗ್ಕಂಡು ಓಗೋದ್ರಾಗೆ ಒಂಟೋದ. ನೀವು ಏರಿ ಮ್ಯಾಲೆ ಇದ್ರಲ್ಲ, ನಿಮ್ ಪೋಟೋದಾಗೆ ಐತೆ ಅಂತ ಎಲ್ರಿಗೂ ಯೋಳಿವ್ನಿ."

ಕೋಳಿ ತ್ಯಾಜ್ಯದ ಮಾತು ನಿಜವೇ ಎಂದು ಕೇಳಿದೆ.

"ಓದೊರ್ಸ ಆಕಿದ್ದೆ. ಎಲ್ರೂ ಬೈದ್ರು, ಬುಟ್ಬುಟ್ಟೆ. ಈ ವರ್ಸ ಬರೀ ತೌಡು, ಇಂಡಿ."

ಆಗ ನಾನು ಅಳಿಸಿದ ವಿಷಯ ಹೇಳಬೇಕಾಯಿತು. ಫೋನಿನಲ್ಲಿದ್ದ ಚಿತ್ರ ತೋರಿಸಿದೆ. ಲಾರಿ ಇದ್ದ ಜಾಗದಲ್ಲಿ ಜೊಂಡು ನಿಂತಿತ್ತು. ಅವರು ಅದನ್ನು ನೋಡಿ, ನನ್ನ ಮುಖ ನೋಡಿ, ಮತ್ತೆ ಚಿತ್ರವನ್ನೇ ನೋಡಿದರು. ಯಾಕೆ ಅಳಿಸಿದಿರಿ ಎಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿ ಕಾಣಲಿ ಎಂದು ಹೇಳಬೇಕಿತ್ತು.

ಕ್ಯಾಮೆರಾದ ಕಾರ್ಡನ್ನು ತೆಗೆದುಕೊಂಡು ಅಳಿಸಿಹೋದದ್ದನ್ನು ವಾಪಸ್ ತೆಗೆದುಕೊಡುವ ಅಂಗಡಿಗೆ ಓಡಿದೆ. ಆದರೆ ಶುಕ್ರವಾರ ಅದೇ ಕಾರ್ಡಿನಲ್ಲಿ ಸಹೋದ್ಯೋಗಿಯ ಮಗುವಿನ ನಾಮಕರಣವನ್ನು ಬೆಳಿಗ್ಗೆಯಿಂದ ಊಟದವರೆಗೆ ತೆಗೆದಿದ್ದೆ. ಅಂಗಡಿಯವನು ಅರ್ಧ ಗಂಟೆ ಹುಡುಕಿ, "ಬರೀ ತೊಟ್ಲು, ಹೋಳಿಗೆನೇ ಬರ್ತಿದೆ ಸಾರ್," ಎಂದ.

ವಾಪಸ್ ಬಂದಾಗ ಅವರಿಬ್ಬರೂ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ಹೆಂಡತಿ ಎದ್ದು ನಿಂತು ಕೇಳಿದರು: "ಅಳ್ಸಕ್ಕೆ ಬರೋರ್ಗೆ ಮತ್ತೆ ಆಕಕ್ಕೆ ಬರಾಕಿಲ್ವಾ ಸಾರ್? ಇಲ್ದೇ ಇರೋದ್ನ ಆಕಿ ಅಂತ ಏನು ನಾವು ಕೇಳ್ತಿಲ್ಲ. ಇದ್ದಿದ್ದನ್ನೇ."

ಬರುತ್ತದೆ ಎಂದು ನಾನು ಹೇಳಲಿಲ್ಲ. ಆದರೆ ಬರುತ್ತಿತ್ತು. ಅವರು ಹೋದ ಮೇಲೆ ಕಂಪ್ಯೂಟರಿನ ಮುಂದೆ ಕೂತೆ. ಹಿಂದೊಮ್ಮೆ ರಸ್ತೆಬದಿಯಲ್ಲಿ ತೆಗೆದ ಬೇರೆ ಯಾವುದೋ ಟ್ಯಾಂಕರಿನ ಚಿತ್ರ ಇತ್ತು. ಅದನ್ನು ಕತ್ತರಿಸಿ ತಂದು ಕಾಲುವೆಯ ಬಾಯಲ್ಲಿ ನಿಲ್ಲಿಸಿದೆ. ಹಸಿರು ಮಾಡಿದೆ. ನಂಬರ್ ಪ್ಲೇಟು ಮಸುಕು ಮಾಡಿದೆ. ಅದರ ಈಚೆ ಮಗ್ಗುಲಿಗೆ ಆ ಬೆಳಗಿನ ಬಿಸಿಲು ಬೀಳಿಸಿದೆ, ನೆರಳನ್ನು ಉದ್ದ ಎಳೆದೆ, ನೀರಿನಲ್ಲಿ ಅದರ ತಲೆಕೆಳಗಾದ ಬಿಂಬವನ್ನೂ ಬಿಡಿಸಿದೆ. ಮುಗಿಸಿ ನೋಡಿದರೆ ಯಾರೂ ಸಂಶಯಪಡುವಂತಿರಲಿಲ್ಲ. ಅದನ್ನು ಫೋನಿಗೆ ಹಾಕಿಕೊಂಡು ಸೋಮವಾರ ಸಭೆಗೆ ಹೋದೆ.

ಸಭೆಯಲ್ಲಿ ಇಪ್ಪತ್ತು ಜನ ಇದ್ದಿರಬಹುದು. ದೂರು ಕೊಟ್ಟವರಲ್ಲಿ ಒಬ್ಬರು ತಮ್ಮ ಫೋನು ಎತ್ತಿ ಎಲ್ಲರಿಗೂ ತೋರಿಸಿದರು. ಅದರಲ್ಲಿದ್ದದ್ದು ನನ್ನದೇ ಚಿತ್ರ.

"ನೋಡಿ, ಗುರುವಾರ ಬೆಳಿಗ್ಗೆ ತೆಗೆದಿದ್ದು. ಎಲ್ಲಿದೆ ಟ್ಯಾಂಕರ್? ಕನ್ನಡಿ ಥರ ಇದೆ ನೀರು."

ನಾನು ಎದ್ದು ಅದನ್ನು ತೆಗೆದವನು ನಾನೇ ಎಂದೆ. ಲಾರಿ ಇತ್ತು, ಚಿತ್ರ ಚೆನ್ನಾಗಿ ಬರಲೆಂದು ಅಳಿಸಿದೆ, ಪೈಪು ಕಂಡಿದ್ದೆ, ಅದರಿಂದ ಏನಾದರೂ ಸುರಿದದ್ದನ್ನು ಕಂಡಿಲ್ಲ ಎಂದೆ. ಹಿಂದಿನ ಸಾಲಿನಿಂದ ಯಾರೋ, "ಲಾರಿನೇ ಮಾಯ ಮಾಡೋ ಅಷ್ಟು ಕೈಚಳಕಾನಾ ಗುರು?" ಎಂದರು. ಒಂದಿಬ್ಬರು ನಕ್ಕರು. ಅಧ್ಯಕ್ಷರು ನಗಲಿಲ್ಲ.

"ಇದ್ದಿದ್ದನ್ನ ಇಲ್ಲ ಅಂತ ತೋರ್ಸಿದ್ದೀರಿ. ನಾಳೆ ಇಲ್ದೇ ಇರೋದನ್ನ ಇದೆ ಅಂತ ತಂದ್ರೆ? ನಿಮ್ಮ ಮಾತನ್ನ ನಾನು ಯಾವ ಲೆಕ್ಕಕ್ಕೆ ತಗೊಳ್ಳಲಿ, ಹೇಳಿ."

ಫೋನು ಅಂಗಿಯ ಜೇಬಿನಲ್ಲಿತ್ತು. ಅದನ್ನು ತೆಗೆಯಲು ಕೈ ಮೇಲಕ್ಕೆ ಬಂತು, ಗುಂಡಿಯ ಹತ್ತಿರ ನಿಂತಿತು. ಕೈ ಇಳಿಸಿ ಕೂತೆ. ಗುತ್ತಿಗೆ ರದ್ದಾಯಿತು. ಬಲೆ, ತೆಪ್ಪ ತೆಗೆದುಕೊಂಡು ಹೋಗಲು ವಾರದ ಗಡುವು ಕೊಟ್ಟರು.

ಹೊರಗೆ ಹುಣಸೆಮರದ ಕೆಳಗೆ ಗುತ್ತಿಗೆ ಕಳೆದುಕೊಂಡವರು ಬೀಡಿ ಹಚ್ಚುತ್ತಿದ್ದರು. "ಮಾಡಿದ್ರಾ ಸಾರ್?" ಎಂದರು, ದನಿ ತಗ್ಗಿಸಿ. ತೋರಿಸಿದೆ. ಕಣ್ಣಿನ ಹತ್ತಿರ ಹಿಡಿದು ತುಂಬಾ ಹೊತ್ತು ನೋಡಿದರು.

"ಇದಲ್ಲ," ಎಂದರು. "ಅದು ಇಮ್ಮುಕವಾಗಿ ನಿಂತಿತ್ತು ಸಾರ್, ಹಿಂಬದಿ ನೀರ್ ಕಡೀಕೆ. ಪೈಪಿನ ಬಾಯ್ಗೆ ಗೋಣಿ ಕಟ್ಟಿದ್ರು, ಸದ್ದಾಗ್ದಿರ್ಲಿ ಅಂತ. ಇದು ಯಾರ್ದೋ ಪಾಪದ ಲಾರಿ."

ಅಲ್ಲೇ ಅವರ ಎದುರಿಗೆ ಅದನ್ನು ಅಳಿಸಿದೆ. ಆಮೇಲೆ ಇಬ್ಬರೂ ಹೋಟೆಲಿನ ಬೆಂಚಿನ ಮೇಲೆ ಕೂತೆವು. ಹಾಳೆಯ ಮೇಲೆ ನಾನು ಕಂಡದ್ದನ್ನು ಒಂದು ಕಡೆ, ಅವರು ಕಂಡದ್ದನ್ನು ಇನ್ನೊಂದು ಕಡೆ ಬರೆದೆ. ಚಿತ್ರದಿಂದ ಲಾರಿ ಅಳಿಸಿದ್ದನ್ನೂ, ಬೇರೆ ಲಾರಿ ಅಂಟಿಸಿದ್ದನ್ನೂ ಬರೆದೆ. ಅದನ್ನು ಓದಿ ಹೇಳಿದಾಗ ಅವರು, "ಕೊನೇದು ಬ್ಯಾಡ ಸಾರ್, ನಿಮ್ಗೇ ತೊಂದ್ರೆ," ಎಂದರು. ತೆಗೆಯಲಿಲ್ಲ. ಇಬ್ಬರೂ ಸಹಿ ಹಾಕಿ ಪಂಚಾಯಿತಿ ಕಚೇರಿಗೆ ಕೊಟ್ಟೆವು. ಗುಮಾಸ್ತ ಪ್ರತಿಯ ಮೇಲೆ ಸೀಲು ಒತ್ತಿಕೊಟ್ಟ. ಇಲ್ಲಿಯವರೆಗೆ ಉತ್ತರ ಬಂದಿಲ್ಲ. ಅವರು ಈಗ ಒಂದು ಗೋದಾಮಿನಲ್ಲಿ ಕಾವಲಿಗಿದ್ದಾರೆ. ತಿಂಗಳಿಗೊಮ್ಮೆ ಫೋನ್ ಮಾಡಿ, ಏನಾದರೂ ಬಂತಾ ಎಂದು ಕೇಳುತ್ತಾರೆ. ನಾನು ಇಲ್ಲ ಎನ್ನುತ್ತೇನೆ.