ಮೂರು ಊರಿನ ಗುಳಿಗೆ

ನಮ್ಮ ಮನೆಯಲ್ಲಿ ಗುಳಿಗೆಗಳಿಗೆ ಊರಿನ ಹೆಸರು. ಔಷಧಿ ಅಂಗಡಿಯವರು ಗುಳಿಗೆ ಪಟ್ಟಿಯನ್ನು ಕತ್ತರಿ ಹಿಡಿದು ಎರಡು, ನಾಲ್ಕು ಎಂದು ಕತ್ತರಿಸಿ ಕೊಡುತ್ತಾರಲ್ಲ, ಅರ್ಧ ಹೆಸರು ಅಂಗಡಿಯಲ್ಲೇ ಉಳಿದುಬಿಡುತ್ತದೆ. ಹಾಗಾಗಿ ಅವ್ವನ ಮಂಡಿನೋವಿನದು ದೇವದುರ್ಗದ ಗುಳಿಗೆ, ಮಾನ್ವಿಗೆ ಕೊಟ್ಟ ಅಕ್ಕ ಸೊಂಟಕ್ಕೆ ನುಂಗುವುದು ಮಾನ್ವಿ ಗುಳಿಗೆ. ಎಲ್ಲವೂ ದೇವರ ಜಗಲಿ ಪಕ್ಕದ ಹಳೆಯ ವಿಭೂತಿ ಡಬ್ಬಿಯಲ್ಲಿ. ಯಾರಿಗೆ ಏನಾದರೂ ಮೊದಲು ಆ ಡಬ್ಬಿ ತೆರೆಯುತ್ತದೆ.

ಹೋದ ವರ್ಷ ರಾಯಚೂರಿನಲ್ಲಿ ನನ್ನ ಬುದ್ಧಿಹಲ್ಲು ಕೀಳಿಸಿದೆ. ಅಡ್ಡ ಬೆಳೆದಿದ್ದ ಹಲ್ಲು. ಡಾಕ್ಟರು ಅದನ್ನು ತುಂಡು ಮಾಡಿ ತೆಗೆದು, ಹೊಲಿಗೆ ಹಾಕಿ, ಹತ್ತು ಗುಳಿಗೆ ಬರೆದರು. "ಮುಂಜಾನಿ ಒಂದು, ಸಂಜಿಗೊಂದು, ಉಂಡ ಮ್ಯಾಲೆ. ಬ್ಯಾರೆ ಯಾವ ನೋವಿನ ಗುಳಿಗಿನೂ ತಗೋಬ್ಯಾಡ್ರಿ," ಎಂದರು. ಬಾಯಲ್ಲಿ ಹತ್ತಿ ತುರುಕಿಕೊಂಡು ತಲೆಯಾಡಿಸಿದೆ. ಗಬ್ಬೂರಿನ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ಇಷ್ಟು ತಿಳಿಯದೇನು ಎಂಬ ಜಂಬ ಬೇರೆ. ಶಾಲೆಗೆ ರಜೆ ಹಾಕಿ, ಬಸ್ಸು ಹತ್ತಿ ದೇವದುರ್ಗಕ್ಕೆ, ಅವ್ವನ ಮನೆಗೆ ಹೋದೆ.

ಆವತ್ತು ಸಂಜೆ ರಾಯಚೂರಿನ ಗುಳಿಗೆ ನುಂಗಿದೆ. ಮರುದಿನ ಮುಂಜಾನೆ ಇನ್ನೊಂದು. ಮಧ್ಯಾಹ್ನ ನನ್ನನ್ನು ನೋಡಲು ಬಂದ ಅಕ್ಕ ಚೀಲದಿಂದ ತನ್ನ ಗುಳಿಗೆ ತೆಗೆದಳು.

"ಒಂದು ನುಂಗು ಬೇ, ಅರ್ಧ ತಾಸಿನ್ಯಾಗ ನೋವು ಎಲ್ಲಿತ್ತು ಅಂತ ಹುಡುಕಬೇಕು."

ಅವ್ವ ಬಿಟ್ಟಾಳೆಯೇ? ಸಂಜೆ ನನ್ನದರ ಜೊತೆ ಅವಳದೂ ಒಂದಾಯಿತು. ಪರೀಕ್ಷೆ ಪೇಪರು ತಿದ್ದಿ ತಿದ್ದಿ ಬಂದ ಚಾಳಿ ನನ್ನದು. ಅಂಗಳದಲ್ಲಿ ಕೂತು ತೀರ್ಪು ಕೊಟ್ಟೆ. "ಮಾನ್ವಿದು ಲಗೂನ ಹಿಡೀತದ, ಲಗೂನ ಬಿಡ್ತದ. ದೇವದುರ್ಗದ್ದು ನಿಧಾನ. ರಾಯಚೂರಿಂದೇ ಎಲ್ಲಾಕ್ಕಿಂತ ಚೊಲೋ ಅದ."

ಆ ದಿನಗಳಲ್ಲಿ ಅವ್ವನ ಓಡಾಟ ನೋಡಬೇಕಿತ್ತು. ನನಗಾಗಿ ನುಚ್ಚು ಮೆತ್ತಗೆ ಕುದಿಸಿದಳು. ವರ್ಷದಿಂದ ಹತ್ತದ ಮಾಳಿಗೆ ಹತ್ತಿ ಮೆಣಸಿನಕಾಯಿ ಒಣಹಾಕಿ ಬಂದಳು. ಅಕ್ಕ ಮಾನ್ವಿಗೆ ಹೊರಟಾಗ ನಾನು ಹೇಳಿದೆ: "ನಾ ಬಂದೀನಲ್ಲ, ಅದಕ್ಕ ಅವ್ವನ ಮಂಡಿ ಹಗುರಾಗ್ಯಾವ." ಅಕ್ಕ ಮೂತಿ ತಿರುವಿದಳು.

ಮೂರನೆಯ ದಿನ ಮುಂಜಾನೆಯ ಗುಳಿಗೆ ನುಂಗಿದ ಮೇಲೆ ಹೊಟ್ಟೆಯಲ್ಲಿ ಕೆಂಡ ಇಟ್ಟಂತೆ ಉರಿ. ಮೂರೂ ಗುಳಿಗೆಗಳ ಪಟ್ಟಿ ಹಿಡಿದು ಔಷಧಿ ಅಂಗಡಿಗೆ ಹೋದೆ. ಅಂಗಡಿಯವರು ಕನ್ನಡಕ ಏರಿಸಿ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು.

"ಇವು ಮೂರೂ ಒಂದೇ ಔಷಧಿ ರೀ, ಅಕ್ಕಾರ. ಕಂಪನಿ ಬ್ಯಾರೆ, ಬಣ್ಣ ಬ್ಯಾರೆ, ಅಷ್ಟ."

ಹಿಂದಿನ ಸಣ್ಣ ಅಕ್ಷರಗಳನ್ನು ಬೆರಳಿಟ್ಟು ತೋರಿಸಿದರು. ಓದಿದೆ. ಮತ್ತೆ ಓದಿದೆ. ಎರಡು ನುಂಗಬೇಕಾದ ದಿನ ನಾಲ್ಕು ನುಂಗಿ, ಒಂದೇ ಔಷಧಿಗೆ ಮೂರು ಥರದ ಅಂಕ ಕೊಟ್ಟಿದ್ದೆ.

"ಮನ್ಯಾಗ ಮತ್ತ ಯಾರರ ತಗೋತಾರೇನ್ರಿ?"

"ಅವ್ವ ತಗೋತಾಳ್ರಿ, ಮಂಡಿಗೆ. ದಿನಾ ಒಂದು."

ಅವರ ಮುಖ ಬದಲಾಯಿತು. "ಬಿ.ಪಿ. ಗುಳಿಗಿನೂ ನುಂಗತಾರಲ್ರಿ ಅವರು? ದಿನಾ ಇದನ್ನ ನುಂಗಿದ್ರ ಕಿಡ್ನಿಗೆ ಹೊಡೀತದ. ಮೊದಲು ರಕ್ತ ತಪಾಸ ಮಾಡಸ್ರಿ."

ಮನೆಗೆ ಬಂದವಳೇ ನನ್ನ ಗುಳಿಗೆ ಪಟ್ಟಿ ನೋಡಿದೆ. ನಾನು ನುಂಗಿದ್ದು ನಾಲ್ಕು. ಆರು ಇರಬೇಕಾದಲ್ಲಿ ಮೂರೇ ಇದ್ದವು.

"ನಾನ ತಗೊಂಡೆ," ಎಂದಳು ಅವ್ವ, ಒಲೆಯ ಮುಂದಿನಿಂದ ಏಳದೆ. "ನೀ ಬಂದ ದಿನದಿಂದ ದಿನಕ್ಕೊಂದು. ರಾಯಚೂರು ಡಾಕ್ಟರು ಕೊಟ್ಟಿದ್ದು, ನೀನೂ ಚೊಲೋ ಅದ ಅಂದಿ."

"ನಿನ್ನ ಗುಳಿಗಿ?"

"ಅದನ್ನೆಂಗ ಬಿಡ್ಲಿ? ಅದು ಮಂಡಿಗೆ. ಅಕ್ಕ ಕೊಟ್ಟು ಹೋಗಿದ್ದು ಸೊಂಟಕ್ಕ."

"ದಿನಕ್ಕ ಮೂರು ನುಂಗೀಯೇನು?"

"ಮೂರೂ ಬ್ಯಾರೆ ಬ್ಯಾರೆ ಊರಿನವು ಅಲ್ಲೇನವ್ವಾ," ಎಂದಳು, ನನಗೇ ತಿಳಿಯದೇನೋ ಎಂಬಂತೆ.

ಚೀರಿಬಿಟ್ಟೆ. ಹೊಲಿಗೆ ಎಳೆದು ಬಾಯಲ್ಲಿ ರಕ್ತದ ರುಚಿ ಬಂತು. ಅವಳ ಊದಿದ ಪಾದ ಆಗ ಕಣ್ಣಿಗೆ ಬಿತ್ತು. ಬೆರಳಿಂದ ಒತ್ತಿದೆ, ಕುಳಿ ಬಿದ್ದದ್ದು ಹಾಗೇ ನಿಂತಿತು. ಮೂರು ದಿನ ಎದುರಿಗೇ ಓಡಾಡಿದ ಪಾದಗಳನ್ನು ನಾನು ನೋಡಿಯೇ ಇರಲಿಲ್ಲ.

ಮರುದಿನವೇ ರಾಯಚೂರಿಗೆ ಕರೆದೊಯ್ದೆ. ರಕ್ತದ ವರದಿ ನೋಡಿದ ಕಿಡ್ನಿ ಡಾಕ್ಟರು ಎರಡು ಸಲ ಅವ್ವನ ಮುಖ ನೋಡಿದರು. "ಕಿಡ್ನಿ ಸೋತಾವ್ರಿ. ಈಗರ ಬಂದ್ರಿ, ಉಳಿಸ್ಕೋಬಹುದು. ಆದ್ರ ಈ ನೋವಿನ ಗುಳಿಗಿ ಇನ್ನ ಜನ್ಮದಾಗ ಮುಟ್ಟಂಗಿಲ್ಲ." ಅವ್ವ ಸೆರಗು ಸರಿಮಾಡಿಕೊಂಡು, ಹೂಂ ಎಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದಳು. ಗಬ್ಬೂರು ದಾಟಿದ ಮೇಲೆ ಮಾತಾಡಿದಳು.

"ಆ ಮೂರು ದಿನ ಭಾಳ ಹಗುರಿದ್ದೆ ನೋಡವ್ವಾ. ಮಾಳಿಗಿ ಹತ್ತಿದ್ದೆ."

ನಾನು ಬಂದದ್ದಕ್ಕೆ ಅವಳ ಮಂಡಿ ಹಗುರಾಗಿದೆ ಎಂದು ಅಕ್ಕನ ಮುಂದೆ ಕೊಚ್ಚಿಕೊಂಡಿದ್ದೆ. ದೇವದುರ್ಗದಲ್ಲಿ ಇಳಿಯುವಾಗ ಅವಳು ಎರಡೂ ಕೈಯಿಂದ ಕಂಬಿ ಹಿಡಿದು, ಒಂದು ಮೆಟ್ಟಿಲಿಗೆ ಎರಡೂ ಕಾಲು ಊರಿ, ನಿಂತು, ಮತ್ತೊಂದು ಮೆಟ್ಟಿಲಿಗೆ ಕಾಲು ಚಾಚಿದಳು. ಕೆಳಗೆ ನಿಂತು ಕೈ ಚಾಚಿದ ನನಗೆ ಹಲ್ಲಿನ ಜಾಗದಲ್ಲಿ ಒಂದಿಷ್ಟೂ ನೋವಿರಲಿಲ್ಲ.