ಬಿಸಿ ಗೊತ್ತಾಗದ ಕಾಲು

ಮೊದಲು ಜಾರಿದ್ದು ಚಪ್ಪಲಿ.

ಹಿತ್ತಲಿಗೆ ಹೊರಟಿದ್ದೆ. ಎಡಗಾಲಿನ ಚಪ್ಪಲಿ ಬಾಗಿಲಲ್ಲೇ ಉಳಿದಿತ್ತು, ನಾನು ನಾಲ್ಕು ಹೆಜ್ಜೆ ಮುಂದೆ ಹೋಗಿದ್ದೆ. ಬರಿಗಾಲು ನೆಲಕ್ಕೆ ತಾಗಿದ್ದು ಗೊತ್ತೇ ಆಗಿರಲಿಲ್ಲ. ತಿರುಗಿ ನೋಡಿ ನಕ್ಕೆ. ಕೂಸಿನ ಕಾಟಕ್ಕೆ ನಿದ್ದೆಯಿಲ್ಲ, ತಲೆ ಕೆಟ್ಟಿದೆ ಅಂದುಕೊಂಡೆ.

ಚೊಚ್ಚಲ ಹೆರಿಗೆಗೆ ತಾಂಬಾದ ತವರುಮನೆಗೆ ಬಂದಿದ್ದೆ. ನಮ್ಮವರು ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತರು, ಭಾನುವಾರ ಬಂದು ಹೋಗುತ್ತಿದ್ದರು. ಮಗನಿಗೆ ಏಳು ವಾರ. ಹೊಲದಲ್ಲಿ ಎಳೆ ಜೋಳದ ಸೀತನಿ ಸುಡುವ ದಿನಗಳು. ಮನೆಮಂದಿಗೆಲ್ಲ ನೆಗಡಿ, ಕೆಮ್ಮು, ಜ್ವರ ಬಂದು ಹೋಗಿತ್ತು. ನನಗೂ ಐದು ದಿನ ಜ್ವರ ಇತ್ತು. ಕೆಮ್ಮಿ ಕೆಮ್ಮಿ ಪಕ್ಕೆಲುಬು ನೋಯುತ್ತಿತ್ತು. ಅದು ಇಳಿದು ವಾರವಾಗಿತ್ತು. ಆಮೇಲೆ ಪಾದ ಜೋಮು ಹಿಡಿಯತೊಡಗಿತು.

ಅವ್ವನಿಗೆ ಸಂಶಯವೇ ಇರಲಿಲ್ಲ. "ಹಸಿ ಮೈಗೆ ಗಾಳಿ ಹೊಕ್ಕೈತಿ. ನಲವತ್ತ ದಿನಕ್ಕ ಶೇಕ ಬಿಡಿಸಿದ್ದ ತಪ್ಪಾತು," ಅಂದಳು. ನಿಂತಿದ್ದ ಬಾಣಂತನ ಮತ್ತೆ ಶುರುವಾಯಿತು. ಕಿವಿಗೆ ಬಟ್ಟೆ ಕಟ್ಟಿದಳು. ಹೊರಸಿನ ಕೆಳಗೆ ಕೆಂಡದ ಬುಟ್ಟಿ ಇಟ್ಟಳು. ಒಲೆಯಲ್ಲಿ ಕಾಯಿಸಿದ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಪಾದಕ್ಕೆ ಒತ್ತಿ ಇಟ್ಟಳು. ನಾನು ಪಿಯುಸಿ ಓದಿದವಳು, ಇದನ್ನೆಲ್ಲ ಕಂಡರೆ ಮೂಗು ಮುರಿಯುವವಳು. ಆದರೆ ಅವ್ವನ ಕೈ ನನ್ನ ಕಾಲ ಮೇಲೆ ಓಡಾಡುತ್ತಿದ್ದರೆ ಬೇಡ ಅನ್ನಲು ಮನಸ್ಸು ಬರಲಿಲ್ಲ.

"ಬಿಸಿ ಹತ್ತತೈತಿ ಇಲ್ಲ?" ಕೇಳಿದಳು.

"ಇಲ್ಲಬೇ. ಇನ್ನೊಂದೀಟು ಕಾಸು."

ಅವಳು ಕಾಸಿದಳು.

ಮರುದಿನ ಬೆಳಿಗ್ಗೆ ಕೌದಿ ಸರಿಸಿದವಳು ಹಾಗೇ ನಿಂತುಬಿಟ್ಟಳು. ಎಡ ಹಿಮ್ಮಡಿ ಅಂಗೈ ಅಗಲ ಬೊಬ್ಬೆ ಎದ್ದು, ಒಡೆದು, ಹಾಸಿಗೆಗೆ ಅಂಟಿತ್ತು.

ಕಾಲು ಸುಟ್ಟಿತ್ತು. ನನಗೆ ಗೊತ್ತಾಗಿರಲಿಲ್ಲ.

ಎದ್ದು ಕೂರಲು ಹೋದೆ, ಮೊಣಕಾಲು ಮಡಚಲಿಲ್ಲ. ತೊಟ್ಟಿಲಲ್ಲಿ ಮಗ ಅಳುತ್ತಿದ್ದ. ಕೈ ಚಾಚಿದೆ. ಬೆರಳುಗಳು ಅವನ ಅಂಗಿಯನ್ನು ಹಿಡಿಯಲಿಲ್ಲ.

ಇಂಡಿ ಪಟ್ಟಣದ ಡಾಕ್ಟರು ಸಣ್ಣ ಸುತ್ತಿಗೆಯಿಂದ ಮೊಣಕಾಲಿಗೆ ಬಡಿದರು. ಕಾಲು ಮಿಸುಕಲಿಲ್ಲ. ಮತ್ತೆ ಬಡಿದರು. ಸುತ್ತಿಗೆ ಕೆಳಗಿಟ್ಟು, "ಈಗಿಂದೀಗ ಸೊಲ್ಲಾಪುರಕ್ಕ ಹೋಗ್ರಿ. ಕೂಸನ್ನ ಒಯ್ಯಬ್ಯಾಡ್ರಿ," ಅಂದರು.

ಸೊಲ್ಲಾಪುರದ ಆಸ್ಪತ್ರೆಯಲ್ಲಿ ಕಾಯಿಲೆಯ ಹೆಸರು ಸಿಕ್ಕಿತು: ಜಿ.ಬಿ. ಸಿಂಡ್ರೋಮ್. ನ್ಯೂರಾಲಜಿಸ್ಟ್ ಮರಾಠಿಯವರಾದರೂ ಚೆನ್ನಾಗಿ ಕನ್ನಡ ಆಡುತ್ತಿದ್ದರು. "ಜ್ವರದ ವೈರಸ್ ಹೋತು. ಅದನ್ನ ಬಡ್ಯಾಕ ನಿಮ್ಮ ಮೈಯಾಗ ಎದ್ದ ಮಂದಿ ಮಾತ್ರ ಇನ್ನೂ ಕೈಯಾಗಿನ ಬಡಿಗಿ ಕೆಳಗ ಇಟ್ಟಿಲ್ಲ. ಈಗ ನಿಮ್ಮ ನರಾನ ಬಡ್ಯಾಕತ್ತಾರ," ಎಂದು ವಿವರಿಸಿದರು. ಅವ್ವ ಕೇಳಿದ್ದು ಒಂದೇ ಪ್ರಶ್ನೆ.

"ನಾ ಶೇಕ ಕೊಟ್ಟಿದ್ದಕ್ಕ ಹಿಂಗ ಆತೇನ್ರಿ ಸಾಹೇಬ್ರ?"

"ಇಲ್ಲವ್ವ. ಶೇಕದಿಂದ ಹಿಮ್ಮಡ ಅಷ್ಟ ಸುಟ್ಟೈತಿ. ಬ್ಯಾನಿ ಬ್ಯಾರೆ. ಸುಟ್ಟಿದ್ದು ಕಂಡ ಲಗೂನ ಕರಕೊಂಡ ಬಂದೀರಿ, ಅದ ಚಲೋ ಆತು."

ಅವ್ವ ಈ ಸಮಾಧಾನವನ್ನು ಒಪ್ಪಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ವರಾಂಡಕ್ಕೆ ಹೋದಳು.

ದಿನಕ್ಕೆ ನಾಲ್ಕು ಸಲ ಡಾಕ್ಟರು ಒಂದು ಪರೀಕ್ಷೆ ಮಾಡುತ್ತಿದ್ದರು. ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತೀರಿ ನೋಡೋಣ ಅನ್ನುವರು. ಮೊದಲ ದಿನ ಇಪ್ಪತ್ತೆರಡು. ಮರುದಿನ ಹದಿನೇಳು. ಮೂರನೆಯ ದಿನ ಹನ್ನೊಂದಕ್ಕೆ ಉಸಿರು ಮುಗಿಯಿತು. ನಮ್ಮವರು ಮಂಚದ ಸರಳು ಹಿಡಿದು ನನ್ನ ಜೊತೆ ತುಟಿ ಅಲ್ಲಾಡಿಸುತ್ತಿದ್ದರು. ನಾನು ಎಣಿಸುವುದು ನಿಂತ ಮೇಲೂ ಅವರ ತುಟಿ ಹನ್ನೆರಡು, ಹದಿಮೂರು ಎಂದು ಹೋಗುತ್ತಿತ್ತು. ನನ್ನನ್ನು ಐಸಿಯುಗೆ ಹಾಕಿದರು. ವೆಂಟಿಲೇಟರ್ ಪಕ್ಕದಲ್ಲೇ ತಂದಿಟ್ಟರು. ರಕ್ತದಿಂದ ಪ್ಲಾಸ್ಮಾ ತೆಗೆದು ಬೇರೆ ತುಂಬುವ ಚಿಕಿತ್ಸೆ ಶುರುವಾಯಿತು. ಒಂಬತ್ತಕ್ಕೆ ಇಳಿದ ಎಣಿಕೆ ಅಲ್ಲೇ ನಿಂತಿತು. ಆ ಯಂತ್ರ ನನಗೆ ಬೇಕಾಗಲಿಲ್ಲ. ಈಗಲೂ ಒಂದರಿಂದ ಹತ್ತು ಎಣಿಸುವಾಗ ಒಂಬತ್ತರ ಹತ್ತಿರ ಒಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತೇನೆ.

ಸಾವಿನ ಹೆದರಿಕೆಗಿಂತ ದೊಡ್ಡ ಸಂಕಟ ಬೇರೆ ಇತ್ತು. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಎದೆ ಹಾಲು ಕಟ್ಟಿ ಕಲ್ಲಾಗಿತ್ತು. ಕೂಸು ತಾಂಬಾದಲ್ಲಿ, ನಾನು ಇಲ್ಲಿ. ಹಿಂಡಿಕೊಳ್ಳಲು ನನ್ನ ಕೈ ಏಳುತ್ತಿರಲಿಲ್ಲ. ನರ್ಸ್ ಒಬ್ಬಳು ಪರದೆ ಎಳೆದು, ಸ್ಟೀಲ್ ಬಟ್ಟಲಿಗೆ ಹಿಂಡಿ, ಸಿಂಕಿಗೆ ಸುರಿದಳು. ಅವನ ಪಾಲು ನಲ್ಲಿ ನೀರಿನ ಜೊತೆ ಹೋಯಿತು. ಅತ್ತುಬಿಟ್ಟೆ. ಕಣ್ಣು ಒರೆಸಿದ್ದು ಕೂಡ ನರ್ಸೇ.

ಎರಡನೆಯ ವಾರ ನನ್ನ ತಮ್ಮ ತಾಂಬಾದಿಂದ ಬಂದ. ಕೂಸು ಏನು ಕುಡಿಯುತ್ತಿದೆ ಎಂದು ಕೇಳಿದೆ. ಅವನು ನೆಲ ನೋಡಿದ.

"ಬಾಟಲಿ ಬಾಯಾಗ ಇಡಗೊಡಲಿಲ್ಲಕ್ಕಾ. ಎರಡ ದಿನ ಅತ್ತ. ಕಡೀಕ ನೀಲವ್ವ ತಾನ ಎದಿಗೆ ಹಾಕ್ಕೊಂಡ್ಲು. ಇಬ್ಬರಿಗೂ ಕುಡಿಸಾಕತ್ತಾಳ."

ನೀಲವ್ವ ತಮ್ಮನ ಹೆಂಡತಿ. ಅವಳಿಗೂ ಹತ್ತು ತಿಂಗಳ ಹೆಣ್ಣುಕೂಸಿತ್ತು. ನನಗೂ ಅವಳಿಗೂ ಅಷ್ಟಕ್ಕಷ್ಟೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ಗಂಟಲು ದೊಡ್ಡದು, ಮಗಳು ಮಣ್ಣು ತಿಂದರೂ ನಗುವವಳು. ನನ್ನ ಮಗನನ್ನು ಮುಟ್ಟುವ ಮೊದಲು ಸೋಪು ಹಚ್ಚಿ ಕೈ ತೊಳಿ ಎಂದು ನಾನು ಎಲ್ಲರೆದುರು ಹೇಳಿದ್ದೆ. ಅವಳೇ ಈಗ ಅವನ ಹೊಟ್ಟೆ ತುಂಬುತ್ತಿದ್ದಳು. ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಹೊಟ್ಟೆ ಉರಿಯಿತು.

ಹತ್ತು ವಾರದ ಮೇಲೆ ತಾಂಬಾಕ್ಕೆ ಮರಳಿದೆ. ಟ್ರಾಕ್ಸ್‌ನಿಂದ ಇಳಿಸಿ ತಮ್ಮ ಹೊತ್ತುಕೊಂಡು ಒಳಗೆ ತಂದ. ಕೂರಿಸಿದರೆ ಕೂರುತ್ತಿದ್ದೆ. ಬೆರಳು ಅರ್ಧ ಮಡಚುತ್ತಿದ್ದವು. ಎದೆಯ ಹಾಲು ಬತ್ತಿಹೋಗಿತ್ತು. ಮಗ ದುಂಡಗಾಗಿದ್ದ. ಅವ್ವ ಅವನನ್ನು ನನ್ನ ತೊಡೆಯ ಮೇಲೆ ಇಟ್ಟಳು.

ಅವನು ನನ್ನ ಮುಖ ನೋಡಿದ. ಚೀರಿದ.

ನೀಲವ್ವ ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದಳು. ಅವಳ ಕಡೆ ಕೈ ಚಾಚಿ ಮೈ ಬಿಲ್ಲು ಮಾಡಿ ಅಳತೊಡಗಿದ. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

"ನೀ ಹೊರಗ ನಡಿ. ನೀ ಕಣ್ಣಿಗೆ ಬೀಳೂದಕ್ಕ ಅಂವ ನನ್ನ ಹಂತ್ಯಾಕ ಬರವಲ್ಲ."

ಅವಳು ಹೋದಳು. ಮಗನ ಅಳು ಮತ್ತಷ್ಟು ಏರಿತು. ತುಟಿ ನೀಲಿಗಟ್ಟಿತು. ಅವ್ವ ಹೆದರಿ ಅವಳನ್ನೇ ಕೂಗಿ ಕರೆದಳು. ಅವಳ ಹೆಗಲಿಗೆ ಮುಖ ಹಚ್ಚಿದ್ದೇ ತಡ, ಸುಮ್ಮನಾದ. ಎಂಟು ದಿನ ಇದೇ ನಡೆಯಿತು. ನಡೆಯಲು ಬರುತ್ತದೋ ಇಲ್ಲವೋ ಎಂಬ ಚಿಂತೆ ನನಗೆ ಆಗ ಇರಲೇ ಇಲ್ಲ. ಇವನು ನನ್ನವನಾಗಿ ಉಳಿಯುತ್ತಾನೋ ಇಲ್ಲವೋ, ಅದೊಂದೇ.

ಒಂಬತ್ತನೆಯ ದಿನ ಮಧ್ಯಾಹ್ನ ನೀಲವ್ವ ಕೈಯಲ್ಲೊಂದು ಸೀರೆ ಹಿಡಿದು ಬಂದಳು. ಬೆಳಗಿನಿಂದ ಅವಳು ಉಟ್ಟಿದ್ದ ಸೀರೆ.

"ಅಕ್ಕಾರ, ಸಿಟ್ಟಿಗೇಳಬ್ಯಾಡ್ರಿ. ಇದನ್ನ ಉಟ್ಕೋರಿ."

"ಒಗದಿಲ್ಲಲ್ಲ ಇದು?"

"ಒಗದ್ರ ಏನ ಬಂತ್ರಿ? ನಿಮ್ಮ ಮೈಗೆ ಬರೇ ದವಾಖಾನಿ ವಾಸನಿ. ಕರ ಸತ್ತ ಎಮ್ಮಿಗೆ ಬ್ಯಾರೆ ಕರ ಬಿಡೂ ಮುಂದ ಏನ ಮಾಡ್ತೇವ್ರಿ? ಸತ್ತ ಕರಕ್ಕ ಹೊದಿಸಿದ ಬಟ್ಟೀನ ಇದಕ್ಕ ಹೊದಿಸ್ತೇವಿ. ವಾಸನಿ ಹಿಡದು ಎಮ್ಮಿ ಹತ್ರ ಬಿಟ್ಕೊಂತೈತಿ."

"ಅಂದ್ರ ನಾ ಎಮ್ಮಿ ಏನ?"

"ನೀವ ಎಮ್ಮಿ ಅಲ್ಲರಿ," ಅಂದಳು, ಸ್ವಲ್ಪವೂ ನಗದೆ. "ನೀವ ಕರ."

ಮೂರು ತಿಂಗಳಲ್ಲಿ ಮೊದಲ ಸಲ ನಗು ಬಂತು. ನಕ್ಕು ನಕ್ಕು ಕಡೆಗೆ ಅತ್ತೆ. ಅವಳೂ ಅತ್ತಳು. ನನಗೆ ನಿಲ್ಲಲು ಬರುತ್ತಿರಲಿಲ್ಲ. ಕುಳಿತಲ್ಲೇ ನನ್ನ ಮೈಗೆ ಸೀರೆ ಸುತ್ತಿ ಸೆರಗು ಹೊದಿಸಿದಳು. ಹಾಲು, ಹೊಗೆ, ಬೆವರಿನ ವಾಸನೆ. ಮಗನನ್ನು ತೊಡೆಗೆ ಹಾಕಿ ಬಾಗಿಲ ಹಿಂದೆ ಸರಿದು ನಿಂತಳು. ಅವನು ಮೊದಲು ನನ್ನ ಮುಖವನ್ನು ಅನುಮಾನದಿಂದ ನೋಡಿದ. ಕೆಳದುಟಿ ಮುಂದೆ ಬಂತು. ಆಮೇಲೆ ಸೆರಗಿಗೆ ಮೂಗು ಒರೆಸಿ, ಅಲ್ಲೇ ಮುಖ ಹುದುಗಿಸಿದ. ಹತ್ತು ನಿಮಿಷದಲ್ಲಿ ನಿದ್ದೆ ಹೋದ. ತಟ್ಟಲು ಅಂಗೈ ಏಳಲಿಲ್ಲ, ಮಣಿಕಟ್ಟಿನಿಂದಲೇ ತಟ್ಟಿದೆ. ಅವನು ಮಲಗಿದ್ದು ನೀಲವ್ವನ ವಾಸನೆಗೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಖವಾಯಿತು.

ಅಲ್ಲಿಂದ ದಿನಾಲೂ ಅವಳು ಉಟ್ಟು ಬಿಟ್ಟ ಸೀರೆ ನನಗೆ, ನನ್ನದು ಅವಳಿಗೆ. ಮುಂಗಾರು ಬರುವ ಹೊತ್ತಿಗೆ ನಾನು ಏನು ಉಟ್ಟಿದ್ದರೂ ಮಗ ಬರತೊಡಗಿದ.

ಈಗ ಅವನಿಗೆ ಹತ್ತು ತಿಂಗಳು. ನಾನು ಕೋಲು ಹಿಡಿದು ಅಂಗಳ ದಾಟುತ್ತೇನೆ. ದಿನಕ್ಕೆ ಎರಡು ಹೊತ್ತು ಕಾಲಿಗೆ ಉಸುಕಿನ ಚೀಲ ಕಟ್ಟಿಕೊಂಡು ಎತ್ತಿ ಇಳಿಸುತ್ತೇನೆ. ಪೂರ್ತಿ ಸುಧಾರಿಸಲು ವರ್ಷ ಹಿಡಿಯಬಹುದು, ಸ್ವಲ್ಪ ಕೊರತೆ ಉಳಿಯಲೂಬಹುದು ಎಂದು ಡಾಕ್ಟರು ಹೇಳಿದ್ದಾರೆ. ಮೊನ್ನೆ ಬಚ್ಚಲಲ್ಲಿ ಬಿಸಿನೀರು ಪಾದಕ್ಕೆ ಚೆಲ್ಲಿ, "ಯವ್ವಾ!" ಎಂದು ಕಿರುಚಿದೆ. ಅವ್ವ ಓಡಿ ಬಂದಳು. ಉರಿ ಹತ್ತಿತು ಎಂದೆ. ಅವಳು ಬಚ್ಚಲ ಕಟ್ಟೆಯ ಮೇಲೆ ಕುಳಿತು, ನನ್ನ ಪಾದವನ್ನು ತೊಡೆಗೆ ಎಳೆದುಕೊಂಡು ಖುಷಿಯಿಂದ ಅತ್ತಳು.

ಕಳೆದ ಭಾನುವಾರ ನಮ್ಮವರು ನನ್ನನ್ನು ಸಿಂದಗಿಗೆ ಕರೆದೊಯ್ಯಲು ಗಾಡಿ ಮಾಡಿಕೊಂಡೇ ಬಂದಿದ್ದರು.

"ಇಷ್ಟ ದಿನ ಆತು. ಇನ್ನ ಮನಿಗೆ ನಡಿ. ಮಗನೂ ನಿನ್ನ ಗುರುತ ಹಿಡದಾನ."

"ಈಗ ಬ್ಯಾಡ್ರಿ. ಅಂವ ಇನ್ನೂ ನೀಲವ್ವನ ಹಾಲ ಕುಡೀತಾನ."

"ಡಬ್ಬಿ ಹಾಲ ಹಾಕಿದ್ರಾತು. ಕೂಸು ನಿಂದ ಅಲ್ಲೇನ?"

"ನಂದ. ಆದ್ರ ನಾ ಆಕೀ ಎದಿಯಿಂದ ಅವನ್ನ ಕಸಗೊಂಡ ಬರಂಗಿಲ್ಲ. ಆಕಿ ತಾನ ಬಿಡಸ್ಲಿ, ಆಮ್ಯಾಲ ಬರ್ತೇನಿ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ನೀಲವ್ವ ಹೊರಗೆ ಬಂದು ನನ್ನ ಮುಂದೆ ಕುಳಿತಳು. ಕೈಗೆ ಹತ್ತಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು. ಮಗನ ಕಡೆ ನೋಡಿ, "ಹಸದಾನ್ರಿ ಅಕ್ಕಾರ. ಒಯ್ಯಲೇನ್ರಿ?" ಎಂದು ಕೇಳಿದಳು.

ಈ ಸಲ ಅವನನ್ನು ನಾನೇ ಎರಡೂ ಕೈಯಿಂದ ಎತ್ತಿ ಕೊಟ್ಟೆ.