ಹತ್ತೊಂಬತ್ತು ಮೊಳ ನಡೆದ ಬೋಟು

ಓದುವ ಎಲ್ಲರಿಗೂ ನಮಸ್ಕಾರ. ಒಂದೇ ಬೆರಳಿನಲ್ಲಿ ಮೊಬೈಲ್ ಒತ್ತಿ ಬರೆಯುತ್ತಿದ್ದೇನೆ. ಮಗಳು ಬೆಳಗ್ಗೆ ಕನ್ನಡ ಕೀಬೋರ್ಡ್ ಹಾಕಿಕೊಟ್ಟು, ಒತ್ತಕ್ಷರ ಹೇಗೆಂದು ತೋರಿಸಿ ಸ್ಕೂಲಿಗೆ ಹೋದಳು. ನನಗೆ ಎರಡು ಸಾಲು ಮುಗಿಯುವಷ್ಟರಲ್ಲಿ ಒಂದು ಲೋಟ ಕಾಫಿ ಆರುತ್ತದೆ. ನಾನು ಏಳನೇ ಕ್ಲಾಸು ಪಾಸು ಮಾಡಿದ್ದೇ ಇಪ್ಪತ್ತಮೂರನೇ ವಯಸ್ಸಿನಲ್ಲಿ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಅಕ್ಷರದ ತಪ್ಪಿನ ಮಾತು ಹೇಳಿದೆ. ಇನ್ನೊಂದು ತಪ್ಪೂ ಇದೆ, ಅದು ಮುಂದೆ ಬರುತ್ತದೆ.

ಹೋದ ತಿಂಗಳು ಯಡಿಯೂರು ಕೆರೆಯ ಹತ್ತಿರ ಒಂದು ಗ್ಯಾರೇಜಿನ ಮುಂದೆ ಹೋಗುತ್ತಿದ್ದೆ. ಯಾರೋ ಕಾರಿನ ಬಂಪರ್‌ಗೆ ಫೈಬರ್ ತೇಪೆ ಹಾಕುತ್ತಿದ್ದರು. ಅದಕ್ಕೆ ಬಳಿಯುವ ರೆಸಿನ್ ಅಂಟಿನ ವಾಸನೆ ನಿಮಗೆ ಗೊತ್ತೋ ಇಲ್ಲವೋ, ಹಲಸಿನ ಹಣ್ಣನ್ನು ಪೆಟ್ರೋಲಿನಲ್ಲಿ ಅದ್ದಿ ತೆಗೆದ ಹಾಗಿರುತ್ತದೆ. ವಾಸನೆ ಮೂಗಿಗೆ ಬಿದ್ದದ್ದೇ ತಡ, ನನ್ನ ಬಲಮೊಣಕೈ ತುರಿಸತೊಡಗಿತು. ಗಾಜಿನ ಎಳೆ ಚುಚ್ಚುವ ಆ ಫೈಬರ್ ಕೆಲಸ ಬಿಟ್ಟು ನಾನು ಬನಶಂಕರಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟು ಎಷ್ಟೋ ವರ್ಷವಾಯಿತು. ಮೊಣಕೈಗೆ ಅದು ಗೊತ್ತಿಲ್ಲ, ಪಾಪ.

ತುರಿಕೆಗೆ ಇನ್ನೊಂದು ಕಾರಣವೂ ಇತ್ತು. ತಲಘಟ್ಟಪುರದ ಮುನಿರಾಜಣ್ಣ ನನ್ನಿಂದ ಒಂದು ಉತ್ತರಕ್ಕೆ ಕಾಯುತ್ತಿದ್ದರು.

ಮುನಿರಾಜಣ್ಣ ಆ ಊರಿನ ಹಳಬರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳಿವೆ. ಇಪ್ಪತ್ತು ವರ್ಷದ ಹಿಂದೆ ಊರಿನ ಕೆರೆ ತುಂಬಿದಾಗ, ಜನರನ್ನು ಕೂರಿಸಿ ಸುತ್ತಿಸೋಣ ಎಂದು ಅವರಿಗೊಂದು ಹುಕಿ ಬಂತು. ವಿಲ್ಸನ್ ಗಾರ್ಡನ್ನಿನ ಒಂದು ಶೆಡ್ಡಿನಲ್ಲಿ ಸ್ಪೀಡ್‌ಬೋಟ್ ಮಾಡಿಸಿದರು. ಆ ಶೆಡ್ಡಿನ ಮೇಸ್ತ್ರಿಯ ಕೈಕೆಳಗೆ, ಹುಳಿಯಾರು ಕಡೆಯಿಂದ ಬಂದ ನಾನು ಕೆಲಸ ಕಲಿಯುತ್ತಿದ್ದೆ. ಬೋಟು ಒಂದು ವರ್ಷ ಓಡಿತು. ಮಾರನೇ ವರ್ಷ ಕೆರೆಯಲ್ಲಿ ನೀರು ನಿಲ್ಲಲಿಲ್ಲ. ಆಮೇಲೆ ನಿಂತದ್ದು ಚರಂಡಿಯ ನೊರೆ. ಬೋಟು ಎರಡು ಚಕ್ರದ ಟ್ರೇಲರ್ ಮೇಲೆ ಹಿತ್ತಿಲಿಗೆ ಬಂತು.

ಆದರೆ ಸುಮ್ಮನೆ ಕೂರಲಿಲ್ಲ. ಪ್ರತಿ ಆಯುಧಪೂಜೆಗೂ ಸ್ಕೂಟರು, ಕಾರಿನ ಜೊತೆ ಅದಕ್ಕೂ ಪೂಜೆ. ಕುಂಬಳಕಾಯಿ ಒಡೆದು, ಎರಡು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಅದು ಚಪ್ಪಟೆಯಾಗುವ ತನಕ ನಾಲ್ಕು ಜನ ಸೇರಿ ಮುಂದಕ್ಕೆ ತಳ್ಳುತ್ತಾರೆ. ವರ್ಷಕ್ಕೆ ಒಂದು ಮೊಳ. ಪೂಜೆಯಾದ ಗಾಡಿಯನ್ನು ಹಿಂದಕ್ಕೆ ತಳ್ಳಬಾರದು ಎಂದು ಮುನಿರಾಜಣ್ಣನ ಹಟ. ಹೀಗಾಗಿ ಬೋಟು ಬಾವಿಯ ಪಕ್ಕದಿಂದ ಹೊರಟು, ಸಂಪಿಗೆ ಮರ ದಾಟಿ, ಎರಡೂ ಕಡೆ ಎದ್ದ ಬಾಡಿಗೆ ಮನೆಗಳ ಮಧ್ಯೆ ನೀರಿಲ್ಲದೆ ಪ್ರಯಾಣ ಮಾಡಿದೆ. ಆ ಮನೆಯಲ್ಲಿ ಇಸವಿ ಲೆಕ್ಕವೇ ಇಲ್ಲ. "ಬೋಟ್ ಬಟ್ಟೆ ಒಗ್ಯೋ ಕಲ್ಲು ದಾಟಿದ್ ವರ್ಷ ಅಲ್ವಾ ನಮ್ ಮಗಳ ಮದ್ವೆ ಆಗಿದ್ದು?" ಎನ್ನುತ್ತಾರೆ ಅವರ ಹೆಂಡತಿ ಲಕ್ಷ್ಮಮ್ಮಕ್ಕ.

ಈಗ ಬೋಟಿನ ಮೂಗಿಗೂ ಕಾಂಪೌಂಡ್ ಗೋಡೆಗೂ ಮಧ್ಯೆ ಒಂದು ಗೇಣು ಉಳಿದಿದೆ. ಆಯುಧಪೂಜೆ ಹತ್ತಿರ ಬರುತ್ತಿದೆ.

"ಈ ಸಲ ಗೋಡೆ ಒಡೀಬೇಕು, ಇಲ್ಲ ಬೋಟ್ ಒಡೀಬೇಕು," ಎಂದು ಫೋನಿನಲ್ಲಿ ಮುನಿರಾಜಣ್ಣ ಹೇಳಿದ್ದರು. "ಅದನ್ನ ಮಾಡಿದ ಕೈ ನಿಂದು. ನೀನ್ ಬಂದ್ ನೋಡಿ ಹೇಳು. ರಿಪೇರಿ ಆಗತ್ತೆ ಅಂದ್ರೆ ಗೋಡೆ ಒಡ್ಸಿ ಬೀಗರ ಊರಿಗೆ ಸಾಗಿಸ್ತೀನಿ. ಅಲ್ಲಿ ಕೆರೆ ತುಂಬಿದೆ. ನಾನೂ ನಮ್ಮಾಕೆನೂ ಒಂದ್ ರೌಂಡ್ ಹೋಗ್ತೀವಿ. ಆಗ ಟಿಕೆಟ್‌ನೋರ್ ಕ್ಯೂ ನಿಂತಿರ್ತಿದ್ರು, ನಾನೇ ಒಂದಿನಾನೂ ಕೂರ್ಲಿಲ್ಲ ಕಣಯ್ಯಾ."

ಹೋದೆ. ಕೆಂಪು ಬಣ್ಣ ಹೋಗಿ ಒಗೆದೊಗೆದು ಸವೆದ ಟವೆಲಿನ ಹಾಗಾಗಿತ್ತು. ಕೈ ಸವರಿದರೆ ಸೀಮೆಸುಣ್ಣದ ಹಾಗೆ ಪುಡಿ. ಮುಂದಿನ ಚಪ್ಪಟೆ ಭಾಗದಲ್ಲಿ ಲಕ್ಷ್ಮಮ್ಮಕ್ಕ ಸಂಡಿಗೆ ಒಣಹಾಕಿದ್ದರು.

"ರಿಪೇರಿ ಗಿಪೇರಿ ಬೇಡ ಕಣಪ್ಪ," ಎಂದರು. "ಸಂಡಿಗೆಗೆ ಇಂಥ ಜಾಗ ಎಲ್ ಸಿಗತ್ತೆ? ಇವರಿಗೆ ಈಜು ಬೇರೆ ಬರಲ್ಲ."

"ನೀನ್ ಹಿಡ್ಕೊಳಲ್ವಾ?" ಎಂದರು ಮುನಿರಾಜಣ್ಣ.

"ನಾನ್ ಸಂಡಿಗೆ ಹಿಡ್ಕೊತೀನಿ."

ಫೈಬರ್ ನೋಡುವುದು ಕಣ್ಣಿನಿಂದಲ್ಲ, ಕಿವಿಯಿಂದ. ಜೇಬಿನಿಂದ ಐದು ರೂಪಾಯಿ ನಾಣ್ಯ ತೆಗೆದು ಉದ್ದಕ್ಕೂ ತಟ್ಟುತ್ತಾ ಹೋದೆ. ಗಟ್ಟಿ ಇದ್ದಲ್ಲಿ ಟಣ್ ಟಣ್ ಎನ್ನುತ್ತದೆ, ಒಳಗೆ ಪದರ ಬಿಟ್ಟಿದ್ದರೆ ಬದ್ ಎನ್ನುತ್ತದೆ. ಎಡಗಡೆ ಟಣ್. ಬಲಗಡೆ ಟಣ್. ತಳವೂ ಟಣ್. ಮೇಸ್ತ್ರಿಯ ಕೈ ಅಂದರೆ ಹಾಗೆ. ಕೊನೆಗೆ ಬೋಟಿನ ಹಿಂದಿನ ಗೋಡೆಗೆ ಬಂದೆ. ಎಂಜಿನ್ ತೂಗುಹಾಕುವುದು ಅದಕ್ಕೇ, ಇಡೀ ಭಾರ ಅಲ್ಲಿ, ಅದು ಬಿಟ್ಟುಕೊಂಡರೆ ಒಳಗೆ ನೀರು. ತಟ್ಟಿದೆ. ಬದ್.

ಬದ್ ಎನ್ನುತ್ತದೆಂದು ನನಗೆ ತಟ್ಟುವ ಮೊದಲೇ ಗೊತ್ತಿತ್ತು.

ನೋಡಿ, ಫೈಬರ್ ಅಂದರೆ ಗಾಜಿನ ಎಳೆಯ ಚಾಪೆ ಹಾಸುವುದು, ರೆಸಿನ್ ಕುಡಿಸುವುದು, ರೋಲರ್ ಉರುಳಿಸಿ ಗಾಳಿ ತೆಗೆಯುವುದು, ಅದರ ಮೇಲೆ ಇನ್ನೊಂದು ಪದರ. ಆ ಹಿಂದಿನ ಗೋಡೆಗೆ ನಾಲ್ಕು ಪದರ ಹಾಕು ಎಂದು ಹೇಳಿ ಮೇಸ್ತ್ರಿ ಊಟಕ್ಕೆ ಹೋಗಿದ್ದರು. ಅವತ್ತು ಸಂಜೆ ನನಗೆ ರಾತ್ರಿಶಾಲೆಯ ಏಳನೇ ಕ್ಲಾಸಿನ ಕನ್ನಡ ಪರೀಕ್ಷೆ. ಬೇಗ ಗಟ್ಟಿಯಾಗಲಿ ಎಂದು ಹಾರ್ಡ್‌ನರ್ ಜಾಸ್ತಿ ಸುರಿದೆ. ಬಕೆಟ್ಟಿನಲ್ಲೇ ರೆಸಿನ್ ಬಿಸಿಯಾಗಿ ಮೊಸರಾಗತೊಡಗಿತು. ಮೂರನೇ ಪದರ ಹೇಗೋ ಎಳೆದೆ. ನಾಲ್ಕನೆಯದಕ್ಕೆ ಹೊಸದಾಗಿ ಕಲಸಬೇಕಿತ್ತು. ಗಡಿಯಾರ ನೋಡಿದೆ. ಮೇಲೆ ಬಣ್ಣ ಬಳಿದುಬಿಟ್ಟೆ.

ಮೇಸ್ತ್ರಿ ಬಂದವರು ಕೇಳಿದರು: "ನಾಲ್ಕ್ ಆಯ್ತೇನೋ?"

"ಆಯ್ತು ಮೇಸ್ತ್ರಿ."

ಅಷ್ಟೇ. ಓಡಿದೆ. 'ನೀರಿನ ಉಪಯೋಗಗಳು' ಎಂದು ಪ್ರಬಂಧ ಬಂದಿತ್ತು. ಕುಡಿಯಲು, ಸ್ನಾನಕ್ಕೆ, ಬೇಸಾಯಕ್ಕೆ ಎಂದೆಲ್ಲ ಬರೆದೆ. ದೋಣಿ ನಡೆಸಲು ಎಂಬುದು ಮಾತ್ರ ಹೊಳೆಯಲಿಲ್ಲ. ಮೇಸ್ತ್ರಿ ಈಗಿಲ್ಲ. ನಾನು ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ.

"ಯೋಚ್ನೆ ಮಾಡಿ ಹೇಳ್ತೀನಣ್ಣ," ಎಂದು ಬಂದುಬಿಟ್ಟೆ. ಬೋಟು ಹಾಳಾಗಿದೆ, ಗುಜರಿಗೆ ಹಾಕಿ ಎಂದರೆ ಮುಗಿಯಿತು. ವಯಸ್ಸಾದ ಫೈಬರ್ ಎಂದರೆ ನಂಬುತ್ತಾರೆ. ಆದರೆ ಉಳಿದೆಲ್ಲ ಕಡೆ ಟಣ್ ಎನ್ನುವ ಬೋಟನ್ನು, ನನ್ನ ಒಂದು ಸಂಜೆಗಾಗಿ ಗರಗಸಕ್ಕೆ ಕೊಡುವುದೇ? ಒಳಗೊಳಗೇ ಸರಿ ಮಾಡಿ ಸುಮ್ಮನಿರೋಣವೆಂದರೆ, ಹಿಂದಿನ ಗೋಡೆಯನ್ನು ಪೂರ್ತಿ ಕತ್ತರಿಸಬೇಕು, ಯಾಕೆಂದು ಕೇಳೇ ಕೇಳುತ್ತಾರೆ. ಅಂಗಡಿಯಲ್ಲಿ ಮೊಳೆ ಕೇಳಿದವರಿಗೆ ಬೋಲ್ಟು ಕೊಟ್ಟೆ. ಕೂತಲ್ಲಿ ಕೂರಲಾಗಲಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ನಾಣ್ಯದಿಂದ ತಟ್ಟುವ ಚಟ ಹತ್ತಿತು. ಒಂದು ದಿನ ತಲಘಟ್ಟಪುರಕ್ಕೆಂದು ಮೆಟ್ರೋ ಹತ್ತಿದವನು ಅರ್ಧದಾರಿಯ ಕೋಣನಕುಂಟೆ ಕ್ರಾಸಿನಲ್ಲೇ ಇಳಿದು, ಎದುರಿನ ಪ್ಲಾಟ್‌ಫಾರ್ಮಿಗೆ ಹೋಗಿ ವಾಪಸ್ ಬಂದೆ. ಇನ್ನೊಂದು ದಿನವೂ ಅಷ್ಟೇ.

ಮೂರನೇ ಸಲ ತಲಘಟ್ಟಪುರದವರೆಗೂ ಹೋದೆ. ಜಗುಲಿಯ ಮೇಲೆ ಕೂತು ನಡೆದದ್ದೆಲ್ಲ ಹೇಳಿದೆ. ಲಕ್ಷ್ಮಮ್ಮಕ್ಕನ ಕೈಯಲ್ಲಿ ಸೋಸುತ್ತಿದ್ದ ಹುರುಳಿಕಾಯಿ ಹಾಗೇ ನಿಂತಿತು.

"ಪಾಸಾದ್ಯಾ?" ಎಂದರು.

"ಆದೆ ಅಕ್ಕ. ಮೂವತ್ತೇಳು ಮಾರ್ಕ್ಸ್."

"ಮೂವತ್ತೇಳಕ್ಕಾ ಇಷ್ಟೆಲ್ಲ!"

ನಾನು ನಗಲು ನೋಡಿದೆ. ಮುನಿರಾಜಣ್ಣ ನಗಲಿಲ್ಲ. ಎದ್ದು ಹೋಗಿ ಬೋಟಿನ ಹಿಂಭಾಗಕ್ಕೆ ಕೈ ಇಟ್ಟು ನಿಂತರು.

"ನಮ್ಮವ್ವನ್ನ ಕೂರ್ಸಿದ್ದೆ ಕಣೋ ಇದ್ರಲ್ಲಿ," ಎಂದರು. "ಎರಡ್ ರೌಂಡು. ಇಸ್ಕೂಲ್ ಮಕ್ಕಳನ್ನ ಕೂರ್ಸಿದ್ದೆ. ನಾನ್ ದಡದಲ್ಲಿ ನಿಂತು ನಗ್ತಿದ್ದೆ."

"ತಪ್ಪಾಯ್ತಣ್ಣ," ಎಂದೆ. ಅವರು ತಿರುಗಿ ನೋಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಗೇಟಿನವರೆಗೆ ಬಂದೆ. ಚಿಲಕಕ್ಕೆ ಕೈ ಹಾಕಿದಾಗ ಹಿಂದಿನಿಂದ ಧ್ವನಿ ಬಂತು.

"ಎಲ್ಲಿಗ್ ಹೊಂಟೆ? ನಾಲ್ಕನೇದು ಯಾರ್ ಹಾಕ್ತಾರೆ, ನಿಮ್ಮಪ್ಪನಾ?"

ಹತ್ತು ದಿನದಿಂದ ಬೆಳಗ್ಗೆ ಅಲ್ಲಿ, ಮಧ್ಯಾಹ್ನದ ಮೇಲೆ ಅಂಗಡಿ. ಹಿಂದಿನ ಗೋಡೆಯನ್ನು ಪೂರ್ತಿ ಕತ್ತರಿಸಿ ತೆಗೆದೆ. ನನ್ನ ಮೂರು ಪದರ ಹಪ್ಪಳದ ಹಾಗೆ ಒಂದೊಂದೇ ಬಿಟ್ಟುಕೊಂಡು ಬಂತು. ಕಾಂಪೌಂಡ್ ಗೋಡೆಯನ್ನೂ ಬೋಟು ಹಿಡಿಸುವಷ್ಟು ಒಡೆಸಿದ್ದಾರೆ. ಹೋಗಿಬರುವವರೆಲ್ಲ ಇಣುಕಿ, "ಏನ್ ಅಂಕಲ್, ರೋಡ್ ವೈಡನಿಂಗಾ?" ಎಂದು ಕೇಳುತ್ತಾರೆ. ಮುನಿರಾಜಣ್ಣ ನನ್ನ ಜೊತೆ ಮೊದಲಿನಷ್ಟು ಮಾತಾಡುವುದಿಲ್ಲ. ಕಾಫಿ ಮಾತ್ರ ಅವರೇ ತಂದಿಡುತ್ತಾರೆ.

ಇವತ್ತು ಹೊಸ ಪದರ ಹಾಕಿದೆ. ಲಕ್ಷ್ಮಮ್ಮಕ್ಕ ಮಣೆ ಹಾಕಿಕೊಂಡು ಪಕ್ಕದಲ್ಲೇ ಕೂತು, ಮೂಗಿಗೆ ಸೆರಗು ಹಿಡಿದು, ಗಟ್ಟಿಯಾಗಿ ಎಣಿಸಿದರು. ಒಂದು. ಎರಡು. ಮೂರು. ರೆಸಿನ್ ಮುಗಿಯಿತು. ನಿಧಾನವಾಗಿ ಹೊಸದು ಕಲಸಿ, ಇನ್ನೊಂದು ಪದರ ಹಾಸಿ ರೋಲರ್ ಉರುಳಿಸಿದೆ. ಜಗುಲಿಯಿಂದ ಮುನಿರಾಜಣ್ಣ ಕೂಗಿದರು: "ನಾಲ್ಕ್ ಆಯ್ತೇನೋ?"

ರೋಲರ್ ಕೆಳಗಿಟ್ಟೆ.

"ನೀವೇ ಬಂದ್ ನೋಡಿ ಅಣ್ಣ," ಎಂದೆ.

ಬಂದು ನೋಡಿದರು. ಒಣಗಲು ಬಿಟ್ಟು ಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ನಾಳೆ ನಾಣ್ಯ ತಟ್ಟಬೇಕು. ಏನೆನ್ನುತ್ತದೋ ಎಂದು ಈಗಲೂ ಕಾಲು ನಿಲ್ಲುತ್ತಿಲ್ಲ. ಮೊಣಕೈ ಬೇರೆ ಉರಿಯುತ್ತಿದೆ, ಕೊಬ್ಬರಿ ಎಣ್ಣೆ ಹಚ್ಚಿಕೊಂಡಿರುವುದರಿಂದ ಮೊಬೈಲ್ ಜಾರುತ್ತಿದೆ. ನಿಮ್ಮ ಕೈಯಿಂದಲೂ ಎಂದಾದರೂ ಹೀಗೆ ಒಂದು ಪದರ ಕಮ್ಮಿ ಬಿದ್ದಿದ್ದರೆ, ವರ್ಷಗಳಾದ ಮೇಲೆ ನೀವು ಹೋಗಿ ಹೇಳಿದಿರಾ, ಹೇಳಿದಾಗ ಅವರೇನಂದರು, ದಯವಿಟ್ಟು ನಾಲ್ಕು ಸಾಲು ಬರೆಯಿರಿ. ಕಾಗುಣಿತ ತಪ್ಪಿದ್ದರೂ ಪರವಾಗಿಲ್ಲ, ನಾನು ನಿಧಾನವಾಗಿಯೇ ಓದುವವನು.